ಹಿಮದ ಹಾದಿಯ ವಾಹನ: ನಿಷೇಧ ಉಂಟು, ನಿಯಮ ಇಲ್ಲ

ತುಮಕೂರು: 2024ರ ಡಿಸೆಂಬರ್ ಕೊನೆಯ ವಾರದಲ್ಲಿ ಹಿಮಾಲಯದ ಕಡೆಯಿಂದ ಎರಡು ಸುದ್ದಿಗಳು ಒಂದರ ಹಿಂದೊಂದು ಬಂದವು. ಡಿಸೆಂಬರ್ 23ರಂದು ಹಿಮಾಚಲ ಪ್ರದೇಶದ ಸೋಲಂಗ್ ಹಾಗೂ ಅಟಲ್ ಸುರಂಗದ ನಡುವೆ ಭಾರಿ ಹಿಮ ಸುರಿದು ಸುಮಾರು ಒಂದು ಸಾವಿರ ವಾಹನಗಳು ರಸ್ತೆಯಲ್ಲೇ ಸಿಲುಕಿಕೊಂಡವು. ನೂರಾರು ಪ್ರವಾಸಿಗರನ್ನು ಪೊಲೀಸರು ಪಾರು ಮಾಡಬೇಕಾಯಿತು. ಮರುದಿನ ಸಂಜೆ ಜಮ್ಮು ಮತ್ತು ಕಾಶ್ಮೀರದ ಪೂಂಛ್ ಜಿಲ್ಲೆಯಲ್ಲಿ ಸೇನಾ ವಾಹನವೊಂದು ಆಳವಾದ ಕಮರಿಗೆ ಉರುಳಿತು. ಆ ದುರಂತದಲ್ಲಿ ಮಡಿದವರಲ್ಲಿ ಬೆಳಗಾವಿ, ಬಾಗಲಕೋಟೆ, ಉಡುಪಿ ಹಾಗೂ ಕೊಡಗು ಜಿಲ್ಲೆಗಳ ಯೋಧರಿದ್ದರು.

ಮೊದಲನೆಯದು ವಿಹಾರಕ್ಕೆ ಹೋದವರ ಸುದ್ದಿ. ಎರಡನೆಯದು ಕರ್ತವ್ಯಕ್ಕೆ ಹೋದವರದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೆ ಎತ್ತರದ ಶೀತಪ್ರದೇಶದ ಕಡಿದಾದ ರಸ್ತೆಗಳಲ್ಲಿ ಕನ್ನಡಿಗರು ದಿನನಿತ್ಯ ಸಂಚರಿಸುತ್ತಿದ್ದಾರೆ, ಅಲ್ಲಿ ವಾಹನದ ಯೋಗ್ಯತೆ ಎಂಬುದು ಪ್ರಾಣದ ಪ್ರಶ್ನೆ ಎಂಬುದನ್ನು ಎರಡೂ ಸುದ್ದಿಗಳು ಒಟ್ಟಿಗೆ ನೆನಪಿಸಿದವು.

ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ, ಹಿಮವನ್ನೇ ಕಾಣದ ತುಮಕೂರಿಗೂ ಇದಕ್ಕೂ ಏನು ನಂಟು ಎಂಬ ಪ್ರಶ್ನೆ ಸಹಜ. ನಗರದ ಅಂಚಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಪುಣೆ, ಮುಂಬೈ, ಜೈಪುರಗಳನ್ನು ದಾಟಿ ದೆಹಲಿ ಮುಟ್ಟುತ್ತದೆ. ಬೇಸಿಗೆ ಬಂತೆಂದರೆ ಕರ್ನಾಟಕದ ನೋಂದಣಿ ಫಲಕ ಹೊತ್ತ ಜೀಪು, ಪಿಕಪ್‌ಗಳು ಲಡಾಖ್, ಸ್ಪಿತಿಗಳತ್ತ ಸಾಗುವುದು ಈಗ ಹೊಸದೇನಲ್ಲ. ಅಂತಹ ಪ್ರಯಾಣಕ್ಕೆ ವಾಹನವನ್ನು ಸಜ್ಜುಗೊಳಿಸಲು ಬೇಕಾದ ಲೇತ್, ವೆಲ್ಡಿಂಗ್, ಸ್ಪ್ರಿಂಗ್ ಕೆಲಸದ ಕೌಶಲ ಅಂತರಸನಹಳ್ಳಿಯಂತಹ ಕೈಗಾರಿಕಾ ಪ್ರದೇಶಗಳಿಗೆ ಅಪರಿಚಿತವಲ್ಲ. ಕೌಶಲ ಇದೆ, ಬೇಡಿಕೆಯೂ ಇದೆ. ಆದರೆ ಆ ಕೆಲಸವನ್ನು ಸರಿಯಾಗಿ ಮಾಡಿದವನಿಗೂ ತಪ್ಪಾಗಿ ಮಾಡಿದವನಿಗೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ. ಸಮಸ್ಯೆಯ ಮೂಲ ಇರುವುದು ಇಲ್ಲಿಯೇ.

ಹಿಮ ಕೇಳುವುದೇನು?

ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹಂಚುವ ಫೋರ್ ವೀಲ್ ಡ್ರೈವ್ ವಾಹನವಿದ್ದರೆ ಹಿಮದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧಸತ್ಯ. ಫೋರ್ ವೀಲ್ ಡ್ರೈವ್ ನೆರವಾಗುವುದು ವಾಹನ ಮುಂದೆ ಚಲಿಸಲು, ಏರು ಹತ್ತಲು. ನಿಲ್ಲಿಸುವ ವಿಷಯದಲ್ಲಿ ಅದಕ್ಕೆ ಯಾವ ಹೆಚ್ಚುಗಾರಿಕೆಯೂ ಇಲ್ಲ. ಸಾಧಾರಣ ಕಾರಿನಲ್ಲೂ ಬ್ರೇಕ್ ಇರುವುದು ನಾಲ್ಕು ಚಕ್ರಗಳಿಗೇ. ರಸ್ತೆಯ ಮೇಲೆ ಗಾಜಿನಂತೆ ಹೆಪ್ಪುಗಟ್ಟಿದ ಮಂಜುಗಡ್ಡೆ ಇದ್ದಾಗ ಟೈರಿನ ಹಿಡಿತವೊಂದೇ ಕಾಯುತ್ತದೆ. ಸಲೀಸಾಗಿ ಏರು ಹತ್ತಿದ ವಾಹನ ಇಳಿಜಾರಿನಲ್ಲಿ ಜಾರುವುದು ಈ ಕಾರಣದಿಂದ. ಹಿಮ ಬಿದ್ದ ದಿನಗಳಲ್ಲಿ ಹಿಮಾಚಲದ ಪೊಲೀಸರು ಫೋರ್ ವೀಲ್ ಡ್ರೈವ್ ವಾಹನಗಳಿಗೆ ಮತ್ತು ಚಕ್ರಕ್ಕೆ ಸರಪಳಿ ತೊಡಿಸಿದ ವಾಹನಗಳಿಗೆ ಮಾತ್ರ ಮುಂದೆ ಹೋಗಲು ಅವಕಾಶ ನೀಡುವುದುಂಟು. ಸರಪಳಿಯ ಮಹತ್ವ ಇರುವುದು ಹಿಡಿತದಲ್ಲಿ.

ಗಟ್ಟಿಯಾಗದ, ಆಳವಾದ ಹಿಮದ ಲೆಕ್ಕಾಚಾರ ಬೇರೆ. ಅಲ್ಲಿ ವಾಹನ ಹೂತುಹೋಗದೆ ತೇಲಬೇಕು. ಇದಕ್ಕೆ ಉತ್ತರ ಕಂಡುಕೊಂಡವರು ಐಸ್‌ಲ್ಯಾಂಡಿನ ಜನ. 38ರಿಂದ 44 ಅಂಗುಲದ ದೊಡ್ಡ ಟೈರುಗಳನ್ನು ಜೋಡಿಸಿ, ಹಿಮಕ್ಕೆ ಇಳಿದೊಡನೆ ಅವುಗಳ ಗಾಳಿಯನ್ನು ಎರಡು ಮೂರು ಪೌಂಡಿಗೆ ಇಳಿಸುವುದು ಅವರ ವಿಧಾನ. ರಸ್ತೆಯಲ್ಲಿ ಇಂತಹ ವಾಹನಕ್ಕೆ ಸಾಮಾನ್ಯವಾಗಿ 30 ಪೌಂಡಿನ ಆಸುಪಾಸಿನಲ್ಲಿ ಗಾಳಿ ಬೇಕಾಗುತ್ತದೆ. ಗಾಳಿ ಇಳಿದಂತೆ ಟೈರು ಹರಡಿ ನೆಲಕ್ಕೆ ತಾಗುವ ವಿಸ್ತಾರ ಹಲವು ಪಟ್ಟು ಹೆಚ್ಚುತ್ತದೆ. ಎರಡು ಟನ್ನಿನ ವಾಹನ ಹಿಮದ ಮೇಲ್ಪದರವನ್ನು ಒಡೆಯದೆ ಸಾಗುತ್ತದೆ. ಆದರೆ ಅಷ್ಟು ಕಡಿಮೆ ಗಾಳಿಯಲ್ಲಿ ಟೈರು ರಿಮ್ಮಿನಿಂದ ಕಳಚದಂತೆ ವಿಶೇಷ ಬಿಗಿ ಬೇಕು. ದೊಡ್ಡ ಟೈರು ಹಿಡಿಸಲು ಮಡ್‌ಗಾರ್ಡ್ ಕತ್ತರಿಸಬೇಕು, ಸಸ್ಪೆನ್ಷನ್ ಎತ್ತರಿಸಬೇಕು. ಭಾರವಾದ ಚಕ್ರವನ್ನು ತಿರುಗಿಸಲು ಗೇರ್ ಅನುಪಾತ ಬದಲಿಸಬೇಕು. ಒಂದನ್ನು ಮಾಡಿದರೆ ಉಳಿದವನ್ನೆಲ್ಲ ಮಾಡಲೇಬೇಕು.

ಎತ್ತರ ಮತ್ತು ಚಳಿ ಇನ್ನೆರಡು ಸವಾಲುಗಳು. 5,359 ಮೀಟರ್ ಎತ್ತರದ ಖಾರ್ದುಂಗ್ ಲಾ ಕಣಿವೆದಾರಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧದಷ್ಟು. ಮನುಷ್ಯನಂತೆ ಎಂಜಿನ್ ಸಹ ಏದುಸಿರು ಬಿಡುತ್ತದೆ. ತೀವ್ರ ಚಳಿಗೆ ಸಾಮಾನ್ಯ ಡೀಸೆಲ್ ಮಂದವಾಗಿ ಹರಿಯದಂತಾಗುತ್ತದೆ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ ಸಂಸ್ಥೆ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಬಿಡುಗಡೆ ಮಾಡಿದ್ದು 2019ರ ನವೆಂಬರ್‌ನಲ್ಲಿ. ಹೊಸ ಡೀಸೆಲ್ ವಾಹನಗಳಲ್ಲಿ ಹಲವು ಹೊಗೆ ಶುದ್ಧೀಕರಣಕ್ಕೆ ಬಳಸುವ ಯೂರಿಯಾ ದ್ರಾವಣ ಮೈನಸ್ 11 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಹೀಗಾಗಿ ಹಿಮದ ಹಾದಿಗೆ ವಾಹನವನ್ನು ಸಜ್ಜುಗೊಳಿಸುವುದೆಂದರೆ ಶೋಕಿಗೆ ದೀಪ, ಕಂಬಿ ಅಂಟಿಸುವ ಕೆಲಸವಲ್ಲ; ಅದೊಂದು ಪೂರ್ಣ ಪ್ರಮಾಣದ ಎಂಜಿನಿಯರಿಂಗ್.

ಬಿಡದಿಯಿಂದ ದಕ್ಷಿಣ ಧ್ರುವದವರೆಗೆ

ಈ ಎಂಜಿನಿಯರಿಂಗ್‌ನ ಪ್ರಯೋಜನವನ್ನು ಭಾರತ ಸರ್ಕಾರವೇ ಪಡೆದಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಗೋವಾದಲ್ಲಿರುವ ರಾಷ್ಟ್ರೀಯ ಅಂಟಾರ್ಕ್ಟಿಕ ಮತ್ತು ಸಾಗರ ಸಂಶೋಧನಾ ಕೇಂದ್ರದ ಅಂದಿನ ನಿರ್ದೇಶಕ ರಸಿಕ್ ರವೀಂದ್ರ ಅವರ ನೇತೃತ್ವದ ಎಂಟು ಮಂದಿಯ ಭಾರತೀಯ ತಂಡ 2010ರ ನವೆಂಬರ್ 22ರಂದು ದಕ್ಷಿಣ ಧ್ರುವ ತಲುಪಿತು. ಮೈತ್ರಿ ನೆಲೆಯಿಂದ ಹೊರಟು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹಿಮಗಡ್ಡೆಯ ಮೇಲೆ ಕ್ರಮಿಸಿದ ಆ ತಂಡ ಬಳಸಿದ್ದು ಐಸ್‌ಲ್ಯಾಂಡಿನ ಆರ್ಕ್ಟಿಕ್ ಟ್ರಕ್ಸ್ ಸಂಸ್ಥೆ ಮಾರ್ಪಡಿಸಿದ ಟೊಯೋಟಾ ಹೈಲಕ್ಸ್ ಪಿಕಪ್‌ಗಳನ್ನು. ಕಾರ್ಖಾನೆಯಿಂದ ಹೊರಬಂದ ಸಾಮಾನ್ಯ ಪಿಕಪ್‌ಗೆ ದೊಡ್ಡ ಟೈರು, ಬದಲಾದ ಗೇರು, ಬಲಪಡಿಸಿದ ಸಸ್ಪೆನ್ಷನ್ ಜೋಡಿಸಿ ರೂಪಿಸಿದ ವಾಹನಗಳವು.

ಅದೇ ಹೈಲಕ್ಸ್ 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಅದು ಸಿದ್ಧವಾಗುವುದು ತುಮಕೂರಿಗೆ ದೂರವಲ್ಲದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಸೇನೆಯ ಉತ್ತರ ಕಮಾಂಡ್ 13,000 ಅಡಿ ಎತ್ತರದಲ್ಲಿ, ಶೂನ್ಯಕ್ಕಿಂತ ಕೆಳಗಿನ ಉಷ್ಣಾಂಶದಲ್ಲಿ ಅದನ್ನು ಪರೀಕ್ಷಿಸಿದ ಬಳಿಕ 2023ರ ಜುಲೈನಲ್ಲಿ ಸೇನೆಗೆ ಹೈಲಕ್ಸ್ ವಾಹನಗಳು ಹಸ್ತಾಂತರವಾದವು. ಕರ್ನಾಟಕದ ಮಟ್ಟಿಗೆ ಇಂತಹ ವಾಹನಗಳ ಪರಂಪರೆ ಇದಕ್ಕಿಂತ ಹಳೆಯದು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಬಿಇಎಂಎಲ್, 1986ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದ ತಂತ್ರಜ್ಞಾನದೊಂದಿಗೆ ಟಾಟ್ರಾ ಟ್ರಕ್ಕುಗಳನ್ನು ಸೇನೆಗೆ ಒದಗಿಸುವ ಹಾದಿ ಹಿಡಿಯಿತು. ನಡುವೆ ಬೆನ್ನುಮೂಳೆಯಂತಹ ಒಂದೇ ಕೊಳವೆ, ಅದರ ಇಕ್ಕೆಲಗಳಲ್ಲಿ ಸ್ವತಂತ್ರವಾಗಿ ಏರಿಳಿಯುವ ಅರೆ ಆಕ್ಸಲ್‌ಗಳು: ಒರಟು ನೆಲಕ್ಕೆಂದೇ ಕಲ್ಪಿಸಿದ ವಿನ್ಯಾಸ ಅದು.

ವೈಚಿತ್ರ್ಯವನ್ನು ಗಮನಿಸಬೇಕು. ಬಿಡದಿಯಲ್ಲಿ ತಯಾರಾದ ಪಿಕಪ್‌ಗೆ ದಕ್ಷಿಣ ಧ್ರುವಕ್ಕೆ ಹೋದ ವಾಹನದಂತಹುದೇ ಮಾರ್ಪಾಡನ್ನು ತುಮಕೂರಿನ ನಾಗರಿಕರೊಬ್ಬರು ಅಷ್ಟೇ ಅಚ್ಚುಕಟ್ಟಾಗಿ ಮಾಡಿಸಿದರೂ ರಸ್ತೆಗೆ ಇಳಿದ ಕ್ಷಣದಿಂದ ಅವರು ದಂಡಾರ್ಹರು. ಸೇನೆಗೆ ಈ ತೊಡಕಿಲ್ಲ. ರಕ್ಷಣಾ ಉದ್ದೇಶದ ವಾಹನಗಳ ನೋಂದಣಿಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 60 ಪ್ರತ್ಯೇಕ ವ್ಯವಸ್ಥೆ ಕಲ್ಪಿಸಿದೆ.

ಕಾನೂನು ಹೇಳುವುದೇನು?

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯೇ ಮಾರ್ಪಾಡು ಎಂಬುದು ಅದೇ ಸೆಕ್ಷನ್ ನೀಡುವ ವಿವರಣೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿವರಣೆಯನ್ನು ಬದಲಿಸುವ ಮಾರ್ಪಾಡಿಗೆ ಅವಕಾಶವಿಲ್ಲ ಎಂದು ಸ್ಪಷ್ಟಪಡಿಸಿ ಹೈಕೋರ್ಟ್ ಆದೇಶವನ್ನು ತಳ್ಳಿಹಾಕಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ ಸೆಕ್ಷನ್ 182ಎ ಪ್ರಕಾರ, ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಇದಕ್ಕೂ ಮುನ್ನ, 2017ರ ಡಿಸೆಂಬರ್‌ನಲ್ಲಿ, ವಾಹನದ ಮುಂಭಾಗಕ್ಕೆ ಜೋಡಿಸುವ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಸೂಚಿಸಿತ್ತು.

ಈ ಕಟ್ಟುನಿಟ್ಟಿಗೆ ಕಾರಣವಿಲ್ಲದಿಲ್ಲ. 2022ರ ಒಂದೇ ವರ್ಷ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಅರೆಬರೆ ಮಾರ್ಪಾಡು ಎಷ್ಟು ಅಪಾಯಕಾರಿ ಎಂಬುದಕ್ಕೆ ಸಣ್ಣ ಲೆಕ್ಕವೊಂದು ಸಾಕು. 29 ಅಂಗುಲದ ಟೈರಿನ ಜಾಗದಲ್ಲಿ 33 ಅಂಗುಲದ ಟೈರು ಹಾಕಿದರೆ, ಮೀಟರ್ ಮುಳ್ಳು 60 ಕಿಲೋಮೀಟರ್ ತೋರಿಸುವಾಗ ವಾಹನ 68 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಭಾರವಾದ ಚಕ್ರವನ್ನು ಹಳೆಯ ಬ್ರೇಕು ಬೇಗ ಹಿಡಿಯಲಾರದು. ಸ್ಪ್ರಿಂಗ್ ಎತ್ತರಿಸಿದರೆ ವಾಹನದ ಗುರುತ್ವ ಕೇಂದ್ರ ಮೇಲೇರಿ, ತಿರುವಿನಲ್ಲಿ ಮಗುಚುವ ಸಾಧ್ಯತೆ ಹೆಚ್ಚುತ್ತದೆ. ಮುಂಭಾಗದ ಕಬ್ಬಿಣದ ಕಂಬಿ ಏರ್‌ಬ್ಯಾಗ್ ಸಂವೇದಕಗಳನ್ನು ದಿಕ್ಕು ತಪ್ಪಿಸಬಹುದು. ಪಾದಚಾರಿಗಂತೂ ಅದು ಮೃತ್ಯುಸದೃಶ. ನ್ಯಾಯಾಲಯದ ಎಚ್ಚರಿಕೆ ಸರಿಯಾಗಿಯೇ ಇದೆ.

ಆದರೆ ನಿಷೇಧವೊಂದೇ ಇದ್ದು ನಿಯಮ ಇಲ್ಲದಿದ್ದಾಗ ಏನಾಗುತ್ತದೆ? ಮಾರ್ಪಾಡು ನಿಲ್ಲುವುದಿಲ್ಲ, ಮರೆಗೆ ಸರಿಯುತ್ತದೆ. ಎಫ್‌ಸಿ ಅಥವಾ ತಪಾಸಣೆಯ ದಿನ ಹಳೆಯ ಟೈರು, ಹಳೆಯ ಬಂಪರ್ ತೊಟ್ಟು ಬರುವ ವಾಹನ ಮರುದಿನ ಮತ್ತೆ ವೇಷ ಬದಲಿಸಬಹುದು. ಬ್ರೇಕಿನ ಮೇಲೆ ಹಣ ಹಾಕುವುದಕ್ಕಿಂತ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದೇ ಮುಖ್ಯವಾಗುತ್ತದೆ. ಮಾರ್ಪಾಡನ್ನು ವಿಮಾ ಸಂಸ್ಥೆಗೆ ತಿಳಿಸಿದರೆ ತಪ್ಪೊಪ್ಪಿಕೊಂಡಂತೆ, ತಿಳಿಸದಿದ್ದರೆ ಅಪಘಾತವಾದಾಗ ಪರಿಹಾರಕ್ಕೆ ಕುತ್ತು. ಟೈರು, ಸಸ್ಪೆನ್ಷನ್, ಬಂಪರ್, ದೀಪ ಎಂದು ನಾಲ್ಕನ್ನು ಬದಲಿಸಿದವರಿಗೆ 20,000 ರೂಪಾಯಿ ದಂಡ ಬೀಳಬಹುದು. ಆದರೆ ಆ ನಾಲ್ಕರಲ್ಲಿ ಯಾವುದು ಪ್ರಾಣ ಕಾಯುವಂತಹುದು, ಯಾವುದು ಪ್ರಾಣ ತೆಗೆಯುವಂತಹುದು ಎಂದು ಪರೀಕ್ಷಿಸಿ ಹೇಳುವವರಿಲ್ಲ.

ಜಿಲ್ಲೆಯಲ್ಲೇ ಇವೆ ಮಾದರಿಗಳು

ಪರೀಕ್ಷಿಸಿ ಒಪ್ಪುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಲಾರಿಯನ್ನೇ ನೋಡಿ. ಕಂಪನಿಯಿಂದ ಬರುವುದು ಬಹುಪಾಲು ಬರೀ ಛಾಸಿ. ಅದಕ್ಕೆ ಬಾಡಿ ಕಟ್ಟುವುದು ಹೊರಗಿನ ವರ್ಕ್‌ಶಾಪ್‌ಗಳು. ಇದನ್ನು ಕಾನೂನು ನಿಷೇಧಿಸಲಿಲ್ಲ. ಬದಲಾಗಿ ಬಸ್ಸಿನ ಬಾಡಿಗೆ ಎಐಎಸ್ 052, ಟ್ರಕ್ಕಿಗೆ ಎಐಎಸ್ 093 ಎಂಬ ಮಾನದಂಡಗಳನ್ನು ರೂಪಿಸಿತು. ಸಿಎನ್‌ಜಿ ಕಿಟ್ ಅಳವಡಿಕೆ, ಹಳೆಯ ವಾಹನವನ್ನು ವಿದ್ಯುತ್ ಚಾಲಿತವಾಗಿಸುವುದು, ಅಂಗವಿಕಲರ ಅನುಕೂಲಕ್ಕೆ ತಕ್ಕಂತೆ ವಾಹನವನ್ನು ಹೊಂದಿಸುವುದು ಇವೆಲ್ಲಕ್ಕೂ ಅನುಮತಿಯ ದಾರಿಗಳಿವೆ. 2019ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಾಹನಗಳ ಮಾರ್ಪಾಡಿಗೆ ಮಾನದಂಡ ಹಾಗೂ ಅನುಮೋದನೆಯ ಷರತ್ತುಗಳನ್ನು ನಿಗದಿಪಡಿಸುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿದೆ. ಅಂದರೆ ಬಾಗಿಲು ಇದೆ. ಹಿಮ ಮತ್ತು ಒರಟು ನೆಲಕ್ಕೆ ವಾಹನ ಸಜ್ಜುಗೊಳಿಸುವವರ ಪಾಲಿಗೆ ಅದನ್ನು ತೆರೆಯಬೇಕಾಗಿದೆ.

ತುಮಕೂರು ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಲಘು ಬಳಕೆಯ ಹೆಲಿಕಾಪ್ಟರ್ ತಯಾರಿಕೆಗೆ ಮೀಸಲಾದುದು. ಸಿಯಾಚಿನ್‌ನಂತಹ ನೆಲೆಗಳಲ್ಲಿ ದಶಕಗಳಿಂದ ದುಡಿಯುತ್ತಿರುವ ಚೀತಾ, ಚೇತಕ್‌ಗಳ ಜಾಗ ತುಂಬಬೇಕಾದ ಯಂತ್ರ ಅದು. 2019ರಲ್ಲಿ ಲೇಹ್, ದೌಲತ್ ಬೇಗ್ ಓಲ್ಡಿ ಪ್ರದೇಶಗಳಲ್ಲಿ ಅದರ ಎತ್ತರದ ಹಾರಾಟ ಪರೀಕ್ಷೆಗಳು ನಡೆದವು. ಬಳಿಕ ಬೆಂಗಳೂರಿನ ಸೆಮಿಲಾಕ್ ಸಂಸ್ಥೆ ಹಂತ ಹಂತವಾಗಿ ಪ್ರಮಾಣೀಕರಿಸಿತು. ಆಕಾಶದಲ್ಲಿ ಹಿಮಾಲಯ ದಾಟುವ ಯಂತ್ರಕ್ಕೆ ವರ್ಷಗಳ ಪರೀಕ್ಷೆ, ನೆಲದ ಮೇಲೆ ಅದೇ ಹಿಮಾಲಯಕ್ಕೆ ಹೊರಡುವ ಜೀಪಿಗೆ ಪರೀಕ್ಷೆಯ ದಾರಿಯೇ ಇಲ್ಲ. ಹೆಲಿಕಾಪ್ಟರ್‌ನ ಮಟ್ಟದ ತಪಾಸಣೆ ಜೀಪಿಗೆ ಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ತಪಾಸಣೆ ಎಂಬುದು ಇರಬೇಕಲ್ಲವೇ?

ಇಲ್ಲಿ ಪ್ರಾಯೋಗಿಕ ತೊಡಕೊಂದಿದೆ. ಪುಣೆಯ ಎಆರ್‌ಎಐ, ಹರಿಯಾಣದ ಐಕ್ಯಾಟ್‌ನಂತಹ ಸಂಸ್ಥೆಗಳು ನೀಡುವ ಅನುಮೋದನೆ ಮುಖ್ಯವಾಗಿ ಒಂದೇ ಮಾದರಿಯ ವಾಹನ ಅಥವಾ ಕಿಟ್ಟುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸುವ ಕಂಪನಿಗಳಿಗೆ ಹೊಂದುವಂತಹುದು. ಒಂದೇ ಒಂದು ಜೀಪು ಮಾರ್ಪಡಿಸುವ ಮಾಲೀಕನಿಗಾಗಲೀ, ವರ್ಷಕ್ಕೆ ಹತ್ತು ವಾಹನ ಸಜ್ಜುಗೊಳಿಸುವ ವರ್ಕ್‌ಶಾಪಿಗಾಗಲೀ ಅದು ಎಟುಕುವಂತಹುದಲ್ಲ.

ಹೊರಗಿನವರ ದಾರಿ

ಬಿಡಿ ವಾಹನಗಳ ಈ ತೊಡಕನ್ನು ಬೇರೆ ದೇಶಗಳು ಬಿಡಿಸಿಕೊಂಡಿವೆ. ಬ್ರಿಟನ್ನಿನಲ್ಲಿ ಒಂದೊಂದೇ ವಾಹನವನ್ನು ಪರೀಕ್ಷಿಸಿ ಒಪ್ಪುವ ಪ್ರತ್ಯೇಕ ಯೋಜನೆ ಇದೆ. ಆಸ್ಟ್ರೇಲಿಯಾದಲ್ಲಿ ಲಘು ವಾಹನಗಳ ಮಾರ್ಪಾಡಿಗೆ ರಾಷ್ಟ್ರಮಟ್ಟದ ಸಂಹಿತೆ ಇದ್ದು, ಸಣ್ಣ ಬದಲಾವಣೆಗಳನ್ನು ಒಂದು ಮಿತಿಯೊಳಗೆ ಬಿಟ್ಟು, ದೊಡ್ಡ ಬದಲಾವಣೆಗಳಿಗೆ ಮಾನ್ಯತೆ ಪಡೆದ ಎಂಜಿನಿಯರ್‌ನ ಪ್ರಮಾಣಪತ್ರ ಕಡ್ಡಾಯಗೊಳಿಸಲಾಗಿದೆ. ಐಸ್‌ಲ್ಯಾಂಡಿನಲ್ಲಿ ಮಾರ್ಪಡಿಸಿದ ವಾಹನ ವಿಶೇಷ ತಪಾಸಣೆಗೆ ಒಳಪಡಬೇಕು. ಅದು ಮಾರ್ಪಡಿಸಿದ ವಾಹನವೆಂದು ನೋಂದಣಿ ದಾಖಲೆಯಲ್ಲೇ ನಮೂದಾಗುತ್ತದೆ. 1983ರಲ್ಲಿ ಸ್ಥಾಪನೆಯಾದ ಅಲ್ಲಿನ ಫೋರ್ ವೀಲ್ ಡ್ರೈವ್ ಸಂಘ, 1990ರಲ್ಲಿ ಟೊಯೋಟಾದ ಸ್ಥಳೀಯ ವಿಭಾಗವಾಗಿ ಆರಂಭವಾದ ಆರ್ಕ್ಟಿಕ್ ಟ್ರಕ್ಸ್ ಬೆಳೆದದ್ದು ಇಂತಹ ನಿಯಮಗಳ ನೆರಳಿನಲ್ಲಿ. ಹಿಮಬಿರುಗಾಳಿಯಲ್ಲಿ ಸಿಲುಕಿದವರನ್ನು ಹುಡುಕಿ ತರುವ ಅಲ್ಲಿನ ಸ್ವಯಂಸೇವಕ ರಕ್ಷಣಾ ತಂಡಗಳು ಬಳಸುವುದೂ ಇಂತಹ ವಾಹನಗಳನ್ನೇ.

ಐಸ್‌ಲ್ಯಾಂಡಿನ ಕಥೆಯ ಇನ್ನರ್ಧವನ್ನು ನಮ್ಮ ಜೀಪು ಪ್ರಿಯರು ಮರೆಯುವುದುಂಟು. ವಾಹನ ಹೇಗಿರಬೇಕು ಎಂದು ಹೇಳಿದ ಆ ದೇಶವೇ, ಅದು ಎಲ್ಲಿಗೆ ಹೋಗಬಾರದು ಎಂಬುದನ್ನೂ ಅಷ್ಟೇ ಖಂಡಿತವಾಗಿ ಹೇಳಿದೆ. ಅಲ್ಲಿನ 2013ರ ಪ್ರಕೃತಿ ಸಂರಕ್ಷಣಾ ಕಾಯ್ದೆಯಂತೆ ರಸ್ತೆ ಬಿಟ್ಟು ವಾಹನ ಓಡಿಸುವುದು ನಿಷಿದ್ಧ. ಹಿಮನದಿಗಳ ಮೇಲೆ, ಹಿಮ ಮುಚ್ಚಿ ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿರುವಲ್ಲಿ ಮಾತ್ರ ವಿನಾಯಿತಿ. ಹಿಮ ಕರಗಿದರೆ ಚಕ್ರದ ಗುರುತು ಉಳಿಯುವುದಿಲ್ಲ. ಆದರೆ ಪಾಚಿ ಹೊದ್ದ ಮೆದು ನೆಲಕ್ಕೆ ಬಿದ್ದ ಗಾಯ ಮಾಯಲು ದಶಕಗಳು ಬೇಕು. ವಿನಾಯಿತಿ ಇರುವುದು ಹಿಮಕ್ಕೆ, ನೆಲಕ್ಕಲ್ಲ.

ನಮ್ಮ ಗುಡ್ಡಗಳ ಪಾಡು

ಈ ಮಾತು ಕರ್ನಾಟಕಕ್ಕೆ ನೇರವಾಗಿ ಅನ್ವಯಿಸುತ್ತದೆ. ಇಲ್ಲಿ ಹಿಮವಿಲ್ಲ, ಇರುವುದು ಮಳೆಯಲ್ಲಿ ನೆನೆದ ಮಣ್ಣು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸುತ್ತಲಿನ ಬೆಟ್ಟಗಳಾಗಲೀ, ಬಾಡಿಗೆ ಜೀಪುಗಳಿಂದಲೇ ಹೆಸರಾದ ಕೊಡಗಿನ ಮಾಂದಲಪಟ್ಟಿಯಾಗಲೀ, ಸಕಲೇಶಪುರದ ಇಳಿಜಾರುಗಳಾಗಲೀ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ನಾಡು. ಮುಂಗಾರಿನಲ್ಲಿ ಹುಲ್ಲಿನ ಮೇಲೆ ಹರಿದ ಚಕ್ರದ ಜಾಡಿನಲ್ಲಿ ಮಳೆನೀರು ನುಗ್ಗಿ ಕೊರಕಲಾಗುತ್ತದೆ. ಒಂದು ಜಾಡು ಕೆಸರಾದರೆ ಮುಂದಿನ ಜೀಪು ಪಕ್ಕದ ಹುಲ್ಲನ್ನು ತುಳಿದು ಹೋಗುತ್ತದೆ. 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಳಡಿ ಮೀಸಲು ಅರಣ್ಯ, ಅಭಯಾರಣ್ಯಗಳಿಗೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಆದರೆ ಅರಣ್ಯ, ಕಂದಾಯ, ಖಾಸಗಿ ತೋಟ ಒಂದಕ್ಕೊಂದು ಹೆಣೆದುಕೊಂಡಿರುವ ಮಲೆನಾಡಿನಲ್ಲಿ ಗಡಿ ಎಲ್ಲಿ ಮುಗಿಯಿತು ಎಂಬುದು ವಾದದ ವಸ್ತುವಾಗುತ್ತದೆ.

ಇದು ಮಲೆನಾಡಿನವರ ತಾಪತ್ರಯ, ಬಯಲುಸೀಮೆಗೇನು ಎನ್ನುವಂತಿಲ್ಲ. ತುಮಕೂರು ನಗರ ಕುಡಿಯುವುದು ಬುಗುಡನಹಳ್ಳಿ ಕೆರೆಗೆ ಹರಿದು ಬರುವ ಹೇಮಾವತಿಯ ನೀರು. ಗುಬ್ಬಿ, ಕುಣಿಗಲ್‌ಗಳ ಕೆರೆಗಳೂ ನಾಲೆಯ ದಾರಿ ಕಾಯುತ್ತವೆ. ಆ ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯ ಬೆಟ್ಟಗಳಲ್ಲಿ. ಮಳೆಯನ್ನು ಹೀರಿಟ್ಟುಕೊಂಡು ವರ್ಷವಿಡೀ ಹನಿಹನಿಯಾಗಿ ಬಿಡುವುದು ಇಂತಹ ಹುಲ್ಲುಗಾವಲು, ಶೋಲಾಗಳೇ. ಮೋಜಿಗೆಂದು ಆ ಹುಲ್ಲನ್ನು ಉತ್ತು ಬರುವ ಬಯಲುಸೀಮೆಯ ಜೀಪು ತನ್ನ ನಲ್ಲಿಯ ನೀರನ್ನೇ ಕದಡಿದಂತಾಗುತ್ತದೆ.

ಅಪರಾಧಿಯೇ ಆಪದ್ಬಾಂಧವ

ಹಾಗೆಂದು ಈ ವಾಹನಗಳನ್ನು ಬರೀ ಮೋಜಿನ ಸಾಧನವೆಂದು ತಳ್ಳಿಹಾಕಲೂ ಬಾರದು. 2018ರ ಆಗಸ್ಟ್‌ನಲ್ಲಿ ಕೇರಳ ಪ್ರವಾಹಕ್ಕೆ ತುತ್ತಾದಾಗ ಜೀಪು ಸಂಘಗಳ ಸದಸ್ಯರು ತಮ್ಮ ಎತ್ತರಿಸಿದ ವಾಹನಗಳೊಂದಿಗೆ ರಕ್ಷಣಾ ಕಾರ್ಯಕ್ಕೆ ಇಳಿದರು. 2024ರ ಜುಲೈ 30ರಂದು, ನಮ್ಮ ಗಡಿಗೆ ಅಂಟಿಕೊಂಡಿರುವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳನ್ನು ಭೂಕುಸಿತ ನುಂಗಿದಾಗಲೂ ಕೆಸರು, ಬಂಡೆಗಳ ನಡುವೆ ಜನರನ್ನೂ ಸಾಮಗ್ರಿಯನ್ನೂ ಸಾಗಿಸಿದವುಗಳಲ್ಲಿ ಫೋರ್ ವೀಲ್ ಡ್ರೈವ್ ಜೀಪುಗಳಿದ್ದವು. ನಿನ್ನೆ ದಂಡ ತೆರಬೇಕಾಗಿದ್ದ ವಾಹನ ಇಂದು ಆಂಬುಲೆನ್ಸ್ ಆಗುತ್ತದೆ. ನಾಳೆ ಮತ್ತೆ ದಂಡಕ್ಕೆ ಗುರಿಯಾಗುತ್ತದೆ. ಆಪತ್ತಿನಲ್ಲಿ ಬೇಕಾಗುವ ವಾಹನ ಯಾರ ಬಳಿ ಇದೆ, ಅದರ ಬ್ರೇಕು ನೆಟ್ಟಗಿದೆಯೇ, ಓಡಿಸುವವರಿಗೆ ತರಬೇತಿ ಇದೆಯೇ ಎಂಬ ದಾಖಲೆ ಇರಿಸಲು ಆಡಳಿತಕ್ಕೆ ಸಾಧ್ಯವಾಗುವುದು, ಅಂತಹ ವಾಹನದ ಅಸ್ತಿತ್ವವನ್ನು ಕಾನೂನು ಒಪ್ಪಿಕೊಂಡಾಗ ಮಾತ್ರ.

ಆಗಬೇಕಾದದ್ದೇನು?

ಮೊದಲನೆಯದಾಗಿ, ಸೆಕ್ಷನ್ 52ರಡಿ ತನಗಿರುವ ಅಧಿಕಾರವನ್ನು ಬಳಸಿ ಕೇಂದ್ರ ಸರ್ಕಾರ ಒರಟು ನೆಲ ಮತ್ತು ಹಿಮಪ್ರದೇಶಕ್ಕೆ ಸಜ್ಜುಗೊಳಿಸುವ ವಾಹನಗಳಿಗೆ ಮಾನದಂಡ ರೂಪಿಸಬೇಕು. ಟೈರಿನ ಗಾತ್ರ ಎಷ್ಟು ಹೆಚ್ಚಿಸಬಹುದು, ಹೆಚ್ಚಿಸಿದರೆ ಬ್ರೇಕು ಮತ್ತು ವೇಗದ ಮೀಟರನ್ನು ಹೇಗೆ ಹೊಂದಿಸಬೇಕು, ಸಸ್ಪೆನ್ಷನ್ ಎತ್ತರದ ಮಿತಿ ಏನು ಎಂಬುದು ಅಕ್ಷರದಲ್ಲಿ ಇರಬೇಕು. ಪಾದಚಾರಿಗೆ ಅಪಾಯ ತರುವ ಕಂಬಿ, ಎದುರಿನವರ ಕಣ್ಣು ಕುಕ್ಕುವ ದೀಪಗಳಿಗೆ ಈಗಿನ ನಿಷೇಧವೇ ಮುಂದುವರಿಯಲಿ. ಒಪ್ಪಿಗೆ ಪಡೆದ ಮಾರ್ಪಾಡು ಆರ್‌ಸಿಯಲ್ಲಿ ನಮೂದಾಗಲಿ. ವಿಮಾ ಕಂತು ಅದಕ್ಕೆ ತಕ್ಕಂತೆ ಹೆಚ್ಚಾದರೂ ಸರಿಯೇ.

ಎರಡನೆಯದಾಗಿ, ಬಿಡಿ ವಾಹನಗಳ ತಪಾಸಣೆಗೆ ಜಿಲ್ಲಾ ಮಟ್ಟದಲ್ಲೇ ವ್ಯವಸ್ಥೆ ಬೇಕು. ತುಮಕೂರಿನಲ್ಲಿ 1963ರಿಂದ ಇರುವ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಂತಹ ಸಂಸ್ಥೆಗಳ ಮೆಕ್ಯಾನಿಕಲ್ ವಿಭಾಗಗಳು, ಆರ್‌ಟಿಒ ಕಚೇರಿ ಹಾಗೂ ನೋಂದಾಯಿತ ವರ್ಕ್‌ಶಾಪ್‌ಗಳು ಸೇರಿದರೆ ಇದು ಅಸಾಧ್ಯದ ಮಾತಲ್ಲ. ಮಾಡಿದ ಕೆಲಸಕ್ಕೆ ಸಹಿ ಹಾಕಿ ಹೊಣೆ ಹೊರುವ ವರ್ಕ್‌ಶಾಪಿಗೆ ಮಾನ್ಯತೆ ದೊರೆತರೆ ಅಂತರಸನಹಳ್ಳಿಯ ಒಬ್ಬ ಫಿಟ್ಟರ್‌ನ ಕೈಗುಣಕ್ಕೂ ಬೆಲೆ ಬರುತ್ತದೆ, ಕಳಪೆ ಕೆಲಸ ಮಾಡಿ ಜಾರಿಕೊಳ್ಳುವವರಿಗೂ ಕಡಿವಾಣ ಬೀಳುತ್ತದೆ.

ಮೂರನೆಯದು ರಾಜ್ಯ ಸರ್ಕಾರದ ಪಾಲಿನ ಕೆಲಸ. ಬೆಟ್ಟಪ್ರದೇಶಗಳಲ್ಲಿ ಜೀಪು ಹೋಗಬಹುದಾದ ದಾರಿ ಯಾವುದು, ಯಾವ ತಿಂಗಳಲ್ಲಿ ಅದು ಮುಚ್ಚಿರುತ್ತದೆ, ದಿನಕ್ಕೆ ಎಷ್ಟು ವಾಹನ ಎಂಬುದನ್ನು ಅರಣ್ಯ, ಕಂದಾಯ ಮತ್ತು ಸಾರಿಗೆ ಇಲಾಖೆಗಳು ಒಟ್ಟಿಗೆ ಕುಳಿತು ಗುರುತಿಸಬೇಕು. ಬಾಡಿಗೆ ಜೀಪು ಓಡಿಸಿ ಹೊಟ್ಟೆ ಹೊರೆಯುವ ಚಾಲಕರನ್ನು ಈ ಮಾತುಕತೆಯಿಂದ ಹೊರಗಿಡಬಾರದು. ಗುಡ್ಡ ಹಾಳಾದರೆ ಮೊದಲು ಕೆಲಸ ಕಳೆದುಕೊಳ್ಳುವವರು ಅವರೇ.

ನಿಯಮ ಬಂದರೆ ಮಾರ್ಪಾಡಿನ ಹುಚ್ಚು ಹೆಚ್ಚುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ನಗರದ ರಸ್ತೆಯಲ್ಲಿ ಅಬ್ಬರಿಸುವ ಜೀಪುಗಳನ್ನು ಕಂಡವರಿಗೆ ಈ ಆತಂಕ ಸಹಜ. ಆದರೆ ತಪಾಸಣೆಯ ವೆಚ್ಚ, ವಿಮೆಯ ಹೊರೆ, ಆರ್‌ಸಿಯಲ್ಲಿನ ನಮೂದು ಇವು ಶೋಕಿಲಾಲರನ್ನು ದೂರವಿಡುವ ಜರಡಿಯೂ ಹೌದು. ನಿಜಕ್ಕೂ ಅಗತ್ಯವಿರುವವರು ಮಾತ್ರ ಆ ಜರಡಿಯನ್ನು ದಾಟುತ್ತಾರೆ. ಈಗಿನ ಸ್ಥಿತಿಯಲ್ಲಿ ಜರಡಿಯೇ ಇಲ್ಲ.

ಕಮರಿಯ ಅಂಚಿನ ರಸ್ತೆಗೆ ಕಾನೂನು ಪುಸ್ತಕ ಓದಲು ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಟೈರಿನ ಹಿಡಿತ, ಬ್ರೇಕಿನ ಬಲ, ಚಾಲಕನ ವಿವೇಕ ಮಾತ್ರ. ಮಾಡಬಾರದೆಂದು ಹೇಳುವುದರ ಜೊತೆಗೆ ಹೇಗೆ ಮಾಡಬೇಕು, ಎಲ್ಲಿಗೆ ಹೋಗಬಾರದು ಎಂಬುದನ್ನೂ ಹೇಳಿದಾಗಲಷ್ಟೇ ಕಾನೂನು ಆ ಅಂಚಿನವರೆಗೂ ಜೊತೆಗೆ ಬರುತ್ತದೆ. ಅಲ್ಲಿಯವರೆಗೆ ಹಿಮದತ್ತ ಹೊರಟ ವಾಹನದ ಭದ್ರತೆ ಅದನ್ನು ಬೆಸೆದ ಕೈಯ ಪ್ರಾಮಾಣಿಕತೆಯನ್ನಷ್ಟೇ ನೆಚ್ಚಿಕೊಂಡಿರುತ್ತದೆ.